ಬಾನೆಟ್ಟಿನೊಳಗಿನ ನಾಲ್ಕು ತಾಲ್ಲೂಕು

ಮೊನ್ನೆ ಗೊರವನಹಳ್ಳಿಗೆ ಹೊರಟಿದ್ದೆವು. ನಮ್ಮ ನೆಂಟರ ಹುಡುಗ ಕಿರಣ ಹೊಸದಾಗಿ ಒಂದು ವ್ಯಾನು ಕೊಂಡಿದ್ದಾನೆ. ಮೊದಲ ಪೂಜೆ ಲಕ್ಷ್ಮಮ್ಮನ ಸನ್ನಿಧಿಯಲ್ಲೇ ಆಗಬೇಕೆಂದು ನಾನೇ ಹಟ ಹಿಡಿದಿದ್ದೆ. ಕೊರಟಗೆರೆ ಇನ್ನೂ ಸಿಕ್ಕಿರಲಿಲ್ಲ, ವ್ಯಾನು ಒಂದು ಸಲ ಸೀನಿ ನಿಂತಿತು. ಹಿಂದಿನ ಸೀಟಿನಲ್ಲಿದ್ದ ಹೆಂಗಸರು ಹೂವಿನ ಬುಟ್ಟಿ ಹಿಡಿದುಕೊಂಡು ಒಬ್ಬರ ಮುಖ ಒಬ್ಬರು ನೋಡಿದರು.

ಕಿರಣ ಇಳಿದು ಬಾನೆಟ್ಟು ಎತ್ತಿದ. ನಾನೂ ಇಳಿದೆ. ಈ ವಯಸ್ಸಿನಲ್ಲಿ ಮಂಡಿ ಹೇಳಿದ ಮಾತು ಕೇಳುವುದಿಲ್ಲ ನಿಜ, ಆದರೆ ಬಾನೆಟ್ಟು ತೆರೆದ ಗಾಡಿ ಕಂಡರೆ ನನಗೆ ಸುಮ್ಮನೆ ಕೂರಲಾಗುವುದಿಲ್ಲ. ಬಗ್ಗಿ ನೋಡಿದೆ. ಏನಿದೆ ಅಲ್ಲಿ! ಕಪ್ಪು ಪ್ಲಾಸ್ಟಿಕ್ಕಿನ ಒಂದು ದೊಡ್ಡ ಮುಚ್ಚಳ, ಸುತ್ತ ಸಂದಿಗೊಂದಿಗಳಲ್ಲಿ ನುಗ್ಗಿದ ವೈರುಗಳು.

"ಯಾವುದೋ ಸೆನ್ಸರ್ ಹೋಗಿದೆ ಅಜ್ಜೀ" ಎಂದು ಕಿರಣ ಫೋನಿನಲ್ಲಿ ಹುಡುಕತೊಡಗಿದ. "ಎಂಜಿನ್ನಿನ ಎಡಕ್ಕೆ, ಹಿಂಭಾಗದಲ್ಲಿ ಅಂತ ಬರ್ದಿದಾರೆ. ಕಾಣಿಸ್ತಾನೇ ಇಲ್ಲ."

"ಇದರಲ್ಲಿ ಶಿರಾ ಎಲ್ಲಿದೆಯೋ?" ಎಂದೆ.

ಹುಡುಗ ಫೋನಿನಿಂದ ತಲೆಯೆತ್ತಿ ನನ್ನನ್ನೇ ನೋಡಿದ. ಹಿಂದಿನ ಸೀಟಿನಿಂದ ಯಾರೋ "ಅಜ್ಜಿಗೆ ಬಿಸಿಲು ಹತ್ತಿರಬೇಕು, ನೀರು ಕೊಡ್ರೋ" ಎಂದರು. ನೀರು ಕುಡಿದೆ. ಕೊಟ್ಟದ್ದನ್ನು ಬೇಡ ಎನ್ನುವ ಅಭ್ಯಾಸ ನನಗಿಲ್ಲ. ಆದರೆ ನನಗೆ ಬಿಸಿಲೂ ಹತ್ತಿರಲಿಲ್ಲ, ಅರಳುಮರಳೂ ಅಲ್ಲ. ನೀವಾದರೂ ನಂಬಿ, ಒಂದು ಕಾಲದಲ್ಲಿ ಬಾನೆಟ್ಟಿನೊಳಗೆ ಶಿರಾ ಇತ್ತು. ಮಧುಗಿರಿ, ಕೊರಟಗೆರೆ, ಪಾವಗಡಗಳೂ ಇದ್ದವು.

ನಮ್ಮಪ್ಪ ಕೊರಟಗೆರೆಯಲ್ಲಿ ಕಂಬಳಿ ವ್ಯಾಪಾರ ಮಾಡುತ್ತಿದ್ದರು. ನೇಯುವವರ ಮನೆಗಳಿಂದ ತಂದು ನಾಲ್ಕು ತಾಲ್ಲೂಕಿನ ಸಂತೆಗಳಲ್ಲಿ ಮಾರುವುದು. ಮೊದಲು ಎತ್ತಿನ ಗಾಡಿ, ಆಮೇಲೆ ಬಸ್ಸಿನ ಟಾಪು, ಕೊನೆಗೆ ಒಂದು ಹಳೆಯ ವ್ಯಾನು. ಅದು ಯುದ್ಧದ ಕಾಲದ್ದಂತೆ. ಹರಾಜಿನಲ್ಲಿ ಕೈಯಿಂದ ಕೈಗೆ ಬಂದು, ನಮ್ಮ ಮನೆ ಮುಂದೆ ನಿಲ್ಲುವ ಹೊತ್ತಿಗೆ ಅದರ ಮೂಲ ಬಣ್ಣ ಯಾವುದೆಂದು ಅದಕ್ಕೇ ಮರೆತುಹೋಗಿತ್ತು. ಒಳಗೆ ಹತ್ತಿದರೆ ಕುರಿ ಉಣ್ಣೆಯ ವಾಸನೆ. ಬೇಸಿಗೆಯಲ್ಲಿ ಆ ವಾಸನೆಗೆ ಪೆಟ್ರೋಲಿನದೂ ಸೇರಿ, ನಮ್ಮಜ್ಜಿ ಮೂಗಿಗೆ ಸೆರಗು ಒತ್ತಿಕೊಂಡೇ ಪ್ರಯಾಣ ಮಾಡುತ್ತಿದ್ದರು. ಕಂಬಳಿ ಗಂಟಿನ ಮೇಲೆ ಕೂತು ಬಂದ ನನಗೆ ಕಾಲೆಲ್ಲ ನವೆ. ಶಾಲೆಯಲ್ಲಿ ತುರಿಸಿಕೊಳ್ಳುತ್ತ ಕೂತಿದ್ದಾಗ, ಕಜ್ಜಿಯಿರಬಹುದೆಂದು ಮೇಷ್ಟರು ನನ್ನನ್ನು ಬೇರೆ ಬೆಂಚಿಗೆ ಕಳಿಸಿದ್ದೂ ಉಂಟು.

ವ್ಯಾನು ಓಡಿಸುತ್ತಿದ್ದವರು ಶಿರಾದ ಬಷೀರ್ ಸಾಹೇಬರು. ರಿಪೇರಿಯೂ ಅವರದೇ. ಮಾತೂ ಅವರದೇ. ಅಪ್ಪನಿಗೆ ಕಂಬಳಿ ಮುಟ್ಟಿದರೆ ಯಾವ ಹಟ್ಟಿಯ ಕುರಿಯ ಉಣ್ಣೆ ಎಂದು ಹೇಳುವಷ್ಟು ಗೊತ್ತಿತ್ತು. ಎಂಜಿನ್ನು ಮಾತ್ರ ಕಬ್ಬಿಣದ ಗುಡ್ಡೆ. ಕತ್ತಲಾದ ಮೇಲೆ ಸಂತೆಯಿಂದ ಬರುವಾಗ ಗಾಡಿ ನಿಂತರೆ ಅಪ್ಪ ಟಾರ್ಚು ಹಿಡಿಯಬೇಕು. ಸಾಹೇಬರು "ಕಾಯಿಲ್‌ಗೆ ಹಿಡೀರಿ" ಎಂದರೆ ಅಪ್ಪ ಫ್ಯಾನಿಗೆ ಹಿಡಿಯುವರು. "ಡಿಸ್ಟ್ರಿಬ್ಯೂಟರಿಗೆ" ಎಂದರೆ ಸಾಹೇಬರ ಗಡ್ಡಕ್ಕೆ ಹಿಡಿಯುವರು. ಇದರಿಂದ ಬೇಸತ್ತ ಸಾಹೇಬರು ಒಂದು ದಿನ ಕೈಯಲ್ಲಿದ್ದ ಸ್ಪ್ಯಾನರು ಕೆಳಗಿಟ್ಟು ಹೇಳಿದರಂತೆ:

"ನೋಡಿ ಅಣ್ಣಾವ್ರೇ, ನಿಮ್ಗೆ ಸಾಮಾನು ಗೊತ್ತಿಲ್ಲ, ಊರು ಗೊತ್ತು. ಬನ್ನಿ ಇಲ್ಲಿ. ಗಾಡಿ ಮೂತಿ ಮುಂದೆ ನಿಂತ್ಕೊಳಿ. ನೀವು ನಿಂತಿರೋದು ಕೊರಟಗೆರೆ. ಎದುರ್ಗೆ ದೊಡ್ದಾಗಿ ಕೂತೈತಲ್ಲ ಎಂಜಿನ್ನು, ಅದು ಮಧುಗಿರಿ ಬೆಟ್ಟ. ಬೆಟ್ಟದ ಹಿಂದ್ಗಡೆ ದೂರ್ದಾಗೆ ಬ್ಯಾಟ್ರಿ, ಅದು ಪಾವಗಡ. ಎಡಗಡೆ ಕಾಯಿಲ್ಲು, ಅದು ನಮ್ಮ ಶಿರಾ. ಬಲಗಡೆ ಡೈನಮೋ, ಹಿಂದೂಪುರ ಅಂದ್ಕೊಳಿ. ಈಗ ಹೇಳಿ, ಶಿರಾ ಎಲ್ಲಿ?"

ಅಪ್ಪ ಟಾರ್ಚನ್ನು ನೇರ ಕಾಯಿಲ್ಲಿಗೆ ಹಿಡಿದರು. ಅಂದಿನಿಂದ ನಮ್ಮ ಮನೆಯಲ್ಲಿ ವ್ಯಾನಿನ ಭಾಷೆಯೇ ಬದಲಾಯಿತು.

ಬರೀ ಗುರುತಿಗೆ ಇಟ್ಟ ಹೆಸರುಗಳಾಗಿದ್ದರೆ ಅಷ್ಟಕ್ಕೇ ಮುಗಿಯುತ್ತಿತ್ತೇನೋ. ಆದರೆ ಸಾಹೇಬರು ಒಂದು ಮಾತು ಹಿಡಿದರೆ ಅದಕ್ಕೆ ಕೈಕಾಲು ಮೂಡಿಸದೆ ಬಿಡುವವರಲ್ಲ. ಬ್ಯಾಟರಿ ಪಾವಗಡ ಏಕೆಂದರೆ ಅದಕ್ಕೆ ಸದಾ ನೀರಿನ ದಾಹ. ನಮ್ಮಮ್ಮನ ತವರು ಪಾವಗಡ ತಾಲ್ಲೂಕಿನ ವೈ.ಎನ್.ಹೊಸಕೋಟೆ. ಹಾಗಾಗಿ ವಾರಕ್ಕೊಮ್ಮೆ ಸಾಹೇಬರು ಅಮ್ಮನಿಗೆ ಕೇಳುವಂತೆ ಗಟ್ಟಿಯಾಗಿ "ಅಣ್ಣಾವ್ರೇ, ನಿಮ್ಮ ಮಾವನ ಮನೇಗೆ ನೀರು ಹಾಕಿದ್ರಾ?" ಎನ್ನುವರು. ಅಮ್ಮ ಒಳಗಿನಿಂದಲೇ "ನಮ್ಮೂರ ಕಡ್ಲೇಕಾಯಿ ತಿನ್ನಕ್ಕೆ ಆಗುತ್ತೆ, ನೀರಿಗೆ ಮಾತ್ರ ನಗಾಡ್ತೀರಾ" ಎಂದು ತಿರುಗಿಸಿ ಕೊಡುವರು.

ಕರೆಂಟು ಅಂದರೆ ಏನು ಎಂದು ನಾನೊಮ್ಮೆ ಕೇಳಿದ್ದೆ. "ಕಂಬ್ಳಿ ವ್ಯಾಪಾರನೇ ಬೇಟಿ" ಎಂದಿದ್ದರು ಸಾಹೇಬರು. "ಪಾವಗಡದಾಗೆ ಕಮ್ಮಿ ರೇಟಿಗೆ ಹೊರಡ್ತದೆ. ಶಿರಾಕ್ಕೆ ಬರ್ತದೆ. ಶಿರಾದಾಗೆ ರೇಟು ಏರ್‍ತದೆ. ಏರಿದ್ ಮ್ಯಾಲೆ ಮಧುಗಿರಿಗೆ ಹೋಗಿ ಖರ್ಚಾಗ್ತದೆ. ಶಿರಾದಾಗೆ ಏರ್ದೇ ಹೋದ್ರೆ ಮಧುಗಿರಿನಾಗೆ ಕೇಳೋರಿಲ್ಲ." ಮುಂದೆ ನಾನು ಶಾಲೆಯಲ್ಲಿ ಕಲಿಸುವಾಗ ವಿದ್ಯುತ್ತಿನ ಪಾಠಕ್ಕೆ ಬಂದರೆ ಬಾಯಿಗೆ ಮೊದಲು ಕಂಬಳಿಯೇ ಬರುತ್ತಿತ್ತು. ಕಷ್ಟಪಟ್ಟು ನುಂಗಿಕೊಳ್ಳುತ್ತಿದ್ದೆ.

ನಮ್ಮೂರಿಗೆ ಮಾತ್ರ ಈ ಹಂಚಿಕೆಯಲ್ಲಿ ಅನ್ಯಾಯವಾಗಿತ್ತು. ಕೊರಟಗೆರೆಗೆ ಸಿಕ್ಕಿದ್ದು ರೇಡಿಯೇಟರಿನ ನೀರು, ಫ್ಯಾನಿನ ಗಾಳಿ, ಜೊತೆಗೊಂದು ಪುಟ್ಟ ಹಿತ್ತಾಳೆ ಗುಂಡಿ. ನೀರು ಕಾದರೆ ಆ ಗುಂಡಿ ವೈರಿನ ಮೂಲಕ ಡ್ರೈವರಿನ ಮುಂದಿನ ಮುಳ್ಳಿಗೆ ಸುದ್ದಿ ಮುಟ್ಟಿಸಬೇಕು. ಸಾಹೇಬರು ಅದನ್ನು ಕೊರಟಗೆರೆ ಚಾಡಿಕೋರ ಎಂದೇ ಕರೆಯುತ್ತಿದ್ದರು. ಇಡೀ ಗಾಡಿಗೆ ಚಾಡಿ ಹೇಳುವವನು ಅವನೊಬ್ಬನೇ, ಅವನೂ ಸರಿಯಾಗಿ ಹೇಳುತ್ತಿರಲಿಲ್ಲ. ಮುಚ್ಚಳದಿಂದ ಹಬೆ ಹಾರಿದರೂ ಮುಳ್ಳು ತಣ್ಣಗೆ ಮಲಗಿರುತ್ತಿತ್ತು. ಈಗ ಕಿರಣನ ವ್ಯಾನಿನಲ್ಲಿ ನೋಡಿದರೆ ತುಂಬ ಸೆನ್ಸರ್ ಎನ್ನುವ ಇಂಥ ಚಾಡಿಕೋರರೇ. ಒಬ್ಬ ಮುನಿಸಿಕೊಂಡರೆ ಗಾಡಿಯೇ ನಿಲ್ಲುತ್ತದಂತೆ.

ನನಗೂ ಒಂದು ಕೆಲಸವಿತ್ತು. ಹಗಲಲ್ಲಿ ರಿಪೇರಿಯಾದರೆ ಅಮ್ಮನ ಕನ್ನಡಿ ತಂದು ಬಿಸಿಲನ್ನು ಬಾನೆಟ್ಟಿನ ಕತ್ತಲೆಗೆ ಹಾಯಿಸುವುದು. "ಮಧುಗಿರಿಗೆ ಬುಡು ಬೇಟಿ... ಇನ್ನೊಂಚೂರು ಶಿರಾ ರೋಡಿಗೆ... ಹಾಂ, ಅಲ್ಲೇ ನಿಲ್ಸು." ಕನ್ನಡಿಯ ಬೆಳಕು ಬೆಟ್ಟ ಹತ್ತಿ ಇಳಿದು ಹೋಗುವುದನ್ನು ನೋಡಿದರೆ ನಾನೇ ಸೂರ್ಯನೆಂಬ ಜಂಬ. ಭೂಗೋಳದಲ್ಲಿ ನಮ್ಮ ಜಿಲ್ಲೆಯ ನಕ್ಷೆ ಬರೆ ಎಂದರೆ ಕಣ್ಣು ಮುಚ್ಚಿ ಬರೆಯುತ್ತಿದ್ದೆ. ಒಂದು ಸಲ ಪಾವಗಡದ ಪಕ್ಕದಲ್ಲಿ ಗೊತ್ತಿಲ್ಲದೆಯೇ ಒಂದು ಪ್ಲಸ್ಸು, ಒಂದು ಮೈನಸ್ಸು ಹಾಕಿ ಬೈಸಿಕೊಂಡೆ.

ಈಗ ಹನುಮಂತರಾಯ ಮಾವನ ವಿಷಯಕ್ಕೆ ಬರಬೇಕು. ಇಷ್ಟು ಹೊತ್ತು ಸುತ್ತಿ ಬಳಸಿದ್ದು ಅವನ ಹತ್ತಿರ ಬರಲಿಕ್ಕೇ.

ಮಾವ ಅಮ್ಮನ ತಮ್ಮ. ನನಗಿಂತ ಹತ್ತು ವರ್ಷಕ್ಕೆ ದೊಡ್ಡವನಿರಬಹುದು. ಹೊಸಕೋಟೆಯಲ್ಲಿ ಕಡಲೆಕಾಯಿ ವ್ಯಾಪಾರ. ಮಾತಿನಲ್ಲಿ ಅರ್ಧ ಕನ್ನಡ, ಅರ್ಧ ತೆಲುಗು. ಬರುವಾಗಲೆಲ್ಲ ಜೇಬಿನ ತುಂಬ ಹುರಿದ ಕಡಲೆಕಾಯಿ ತರುವನು, ನನ್ನ ಜಡೆ ಎಳೆದು ಓಡುವನು. ನನಗೆ ಅವನೆಂದರೆ ಪ್ರಾಣ. ಆದರೆ ನಾನು ತೊಟ್ಟಿಲಲ್ಲಿದ್ದಾಗಲೇ ದೊಡ್ಡವರು ನಮ್ಮಿಬ್ಬರಿಗೆ ಗಂಟು ಹಾಕಿಬಿಟ್ಟಿದ್ದರು. ಅಕ್ಕನ ಮಗಳನ್ನು ತಮ್ಮನಿಗೆ ಕೊಡುವುದು ನಮ್ಮಲ್ಲಿ ಕೇಳುವ ಮಾತೇ ಅಲ್ಲ, ಕೊಡದಿದ್ದರೆ ಕೇಳುತ್ತಾರೆ. ಚಿಕ್ಕವಳಾಗಿದ್ದಾಗ ಇದು ತಮಾಷೆಯಾಗಿತ್ತು. ಹೈಸ್ಕೂಲಿಗೆ ಬಂದ ಮೇಲೆ, ಜಡೆ ಎಳೆದು ಓಡುತ್ತಿದ್ದ ಮಾವನ ಪಕ್ಕದಲ್ಲಿ ಬಾಸಿಂಗ ಕಟ್ಟಿಕೊಂಡು ಕೂರುವುದನ್ನು ನೆನೆದರೆ ಇದ್ದ ಕೆಲಸ ಬಿಟ್ಟು ಹಿತ್ತಲಿಗೆ ಎದ್ದು ಹೋಗುತ್ತಿದ್ದೆ. ನನಗೆ ಟೀಚರಾಗಬೇಕಿತ್ತು. ಕೈಯಲ್ಲಿ ಸೀಮೆಸುಣ್ಣ ಹಿಡಿದು ನಿಲ್ಲಬೇಕಿತ್ತು.

ಅಪ್ಪ ನಡುವಿನ ದಾರಿ ಹುಡುಕಿದರು. "ಎಸ್ಸೆಸ್ಸೆಲ್ಸಿ ಪಾಸಾದ್ರೆ ಟ್ರೈನಿಂಗಿಗೆ ಕಳಿಸ್ತೀನಿ, ಮದುವೆ ಮಾತು ಆಮೇಲೆ. ಫೇಲಾದ್ರೆ ಬರೋ ವೈಶಾಖಕ್ಕೇ ಮದುವೆ" ಎಂದರು. ಅಮ್ಮ ಒಪ್ಪಿದರು, ಏಕೆಂದರೆ ನನ್ನ ಗಣಿತದ ಮಾರ್ಕು ಅಮ್ಮನಿಗೆ ಚೆನ್ನಾಗಿ ಗೊತ್ತಿತ್ತು.

ನಮ್ಮೂರಿನವರಿಗೆ ಪರೀಕ್ಷೆ ಮಧುಗಿರಿಯಲ್ಲಿ. ಅಜ್ಜಿಯ ಕಾವಲಿನಲ್ಲಿ ದಿನವೂ ನನ್ನನ್ನು ವ್ಯಾನಿನಲ್ಲಿ ಸಾಹೇಬರು ಬಿಟ್ಟುಬರುತ್ತಿದ್ದರು. ಉಳಿದದ್ದು ಕೊನೆಯ ದಿನ, ಗಣಿತ. ಅದರ ಹಿಂದಿನ ದಿನ ಸಾಹೇಬರಿಗೆ ಕಣ್ಣುಬೇನೆ. ಎರಡು ಕಣ್ಣೂ ಕೆಂಡ. ಅಕ್ಕನ ಮನೆಗೆಂದು ಬಂದಿದ್ದ ಮಾವ "ನಾನು ಬಿಟ್ಟು ಬತ್ತೀನಿ ಭಾವ, ಓಡ್ಸಕ್ಕೆ ಬತ್ತದೆ" ಎಂದ. ಮರುದಿನ ಬೆಳಗಿನ ಬಸ್ಸು ನಮ್ಮ ಕಣ್ಣ ಮುಂದೆಯೇ ಹೋಯಿತು. ವ್ಯಾನಿದೆಯಲ್ಲ ಎಂದು ಯಾರೂ ಅದರ ಕಡೆ ತಿರುಗಿ ನೋಡಲಿಲ್ಲ.

ಅರ್ಧ ದಾರಿ ಆಗಿತ್ತು. ಕೆಮ್ಮಲಿಲ್ಲ, ಏದುಸಿರು ಬಿಡಲಿಲ್ಲ, ದೀಪ ಆರಿದ ಹಾಗೆ ವ್ಯಾನು ಸುಮ್ಮನಾಯಿತು. ಮಾವ ಹ್ಯಾಂಡಲು ಹಾಕಿ ತಿರುಗಿಸಿದ. ಏನೂ ಇಲ್ಲ. ಬಾನೆಟ್ಟು ಎತ್ತಿದ. ಸೊಂಟಕ್ಕೆ ಕೈಯಿಟ್ಟು "ಏಂ ಚೇಸೇದಿ ಈಗ?" ಎಂದ.

ಏನು ಮಾಡುವುದೆಂದು ನನಗೆ ಗೊತ್ತಿತ್ತು. ಕೆಮ್ಮದೆ ನಿಂತರೆ ಪೆಟ್ರೋಲಲ್ಲ, ಕರೆಂಟು. ಶಿರಾದಿಂದ ಮಧುಗಿರಿಗೆ ಹೋಗುವ ಸಣ್ಣ ವೈರು ನೋಡಬೇಕು. ಇದನ್ನು ಸಾಹೇಬರು ಎಷ್ಟು ಸಲ ಹೇಳಿದ್ದರೋ. ಮಾವನಿಗೂ ಈ ಊರುಗಳ ಲೆಕ್ಕ ಗೊತ್ತಿತ್ತು, ತಮಾಷೆಯಲ್ಲಿ ಅವನೂ ಸೇರುತ್ತಿದ್ದ. "ಶಿರಾ ನೋಡು ಮಾವ" ಎಂದು ಕೂಗಿ ನಾನು ಸೀಟಿನಲ್ಲೇ ಕೂತು ಸೂತ್ರಗಳನ್ನು ಬಾಯಿಪಾಠ ಮಾಡತೊಡಗಿದೆ. ಸೂತ್ರ ನಾಲಿಗೆಗೆ ಬರುತ್ತಿತ್ತು, ಹಿಂದೆಯೇ ವೈಶಾಖವೂ ಬರುತ್ತಿತ್ತು. ಅಜ್ಜಿ ಮೊಸರನ್ನದ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಗೊರವನಹಳ್ಳಿ ಅಮ್ಮನಿಗೆ ಹರಕೆ ಹೊರತೊಡಗಿದರು.

ಮಾವ ಒಳಗೆ ತಲೆ ತೂರಿಸಿ ತುಂಬ ಹೊತ್ತು ತಡಕಾಡಿದ. ಕೈಯೆಲ್ಲ ಮಸಿ. ಕೊನೆಗೆ ಹೊರಬಂದು ರಸ್ತೆ ಬದಿಯ ಮೋರಿಕಟ್ಟೆಯ ಮೇಲೆ ಕೂತ. ಜೇಬಿನಿಂದ ಕಡಲೆಕಾಯಿ ತೆಗೆದು ಸುಲಿಯತೊಡಗಿದ.

"ಆಗಲ್ಲ ಬುಡಮ್ಮ. ಶಿರಾ ಪೂರ್ತಿ ಜಾಲಾಡ್ಬುಟ್ಟೆ, ಎಲ್ಲಾ ಗಟ್ಟಿಯಾಗೈತೆ. ಯಾವ್ದಾನ ಲಾರಿ ಬಂದ್ರೆ ನೋಡಾನ."

"ಲಾರಿ ಬರೋ ಹೊತ್ಗೆ ಒಳಗೆ ಬಿಡಲ್ಲ ಮಾವ!"

"ಬಿಡ್ದಿದ್ರೆ ಏನಾತು ಈಗ? ಓದ್ದೇ ಇರೋರೆಲ್ಲ ಬದುಕಿಲ್ವಾ? ನಮ್ಮನೇಗೆ ಬಾ, ರಾಣಿ ಇದ್ದಂಗೆ ಇರ್ತೀಯ. ನಾನೇನು ನಿನ್ನ ಹೊಡೀತೀನಾ, ಬಡೀತೀನಾ?" ಎಂದು ನಕ್ಕು, ಸುಲಿದ ಕಾಳನ್ನು ನನ್ನ ಕಡೆ ಚಾಚಿದ.

ಅವನು ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ. ಅದೇ ನನಗೆ ಹೆಚ್ಚು ಸಂಕಟವಾಯಿತು. ಅವನಿಗೆ ಗಾಡಿ ನಿಂತದ್ದರಲ್ಲಿ ದುಃಖಪಡುವಂಥದ್ದೇನೂ ಕಾಣುತ್ತಿರಲಿಲ್ಲ. ನನಗೆ ಅಳು ಬಂತು. ಅಳುತ್ತಲೇ ಇಳಿದು ಬಾನೆಟ್ಟಿನ ಮುಂದೆ ನಿಂತೆ. ಒಳಗೆ ಕತ್ತಲೆ. ಅಮ್ಮನ ಕನ್ನಡಿ ಇರಲಿಲ್ಲ. ಕೈಯಲ್ಲಿದ್ದ ಕಂಪಾಸ್ ಬಾಕ್ಸಿನ ಮುಚ್ಚಳ ತೆರೆದು, ಅದರ ಹೊಳೆಯುವ ಒಳಮೈಯಿಂದ ಬಿಸಿಲು ಹಾಯಿಸಿದೆ. ಗಣಿತಕ್ಕೂ ಆ ಡಬ್ಬಿಯಿಂದ ಅಷ್ಟು ಉಪಯೋಗ ನಾನು ಯಾವತ್ತೂ ಮಾಡಿಕೊಂಡಿರಲಿಲ್ಲ.

"ಶಿರಾ ಎಲ್ಲಿ ನೋಡ್ದೆ, ತೋರ್ಸು ಮಾವ."

ಮಾವ ಎದ್ದು ಬಂದು ಬಲಗಡೆಗೆ ಕೈಯಿಟ್ಟ. ಡೈನಮೋ!

"ಇದು ಹಿಂದೂಪುರ!"

"ಎಂಗಮ್ಮಾ? ಪಾವಗಡದಾಗೆ ನಿಂತ್ರೆ ಶಿರಾ ಬಲಗಡೀಕೆ ತಾನೆ?"

ಆಗ ನನಗೆ ಹೊಳೆಯಿತು. ಹುಟ್ಟಿದಾಗಿನಿಂದ ಅವನು ಶಿರಾವನ್ನು ಕಂಡದ್ದೇ ಹಾಗೆ. ಅವನ ಊರಿನಿಂದ ನಮ್ಮ ಕಡೆಗೆ ಮುಖ ಮಾಡಿ ಹೊರಟರೆ ಶಿರಾ ಬಲಕ್ಕೇ. ನಕ್ಷೆಯಲ್ಲಿ ಪಾವಗಡ ಇದ್ದ ಮೇಲೆ ತಾನು ಅಲ್ಲೇ ನಿಂತಿರುವೆನೆಂದೇ ಅವನ ಲೆಕ್ಕ.

"ನೀನು ಪಾವಗಡದಿಂದ ನೋಡ್ತಾ ಇದೀಯ ಮಾವ. ಇದು ಕೊರಟಗೆರೆಯಿಂದ ನೋಡೋದು. ನೀನು ಯಾವಾಗ್ಲೂ ಪಾವಗಡದಿಂದ್ಲೇ ನೋಡ್ತೀಯ. ಅಮ್ಮನೂ ಅಷ್ಟೇ, ಎಲ್ಲಾರೂ ಅಷ್ಟೇ. ಒಂದೇ ಒಂದ್ಸಲ ನಮ್ಮೂರಿಂದ ನೋಡು ಮಾವ. ನಾನು ನಿಂತಿರೋ ಕಡೆಯಿಂದ ನೋಡು."

ಗಾಡಿಯ ಬಗ್ಗೆ ಶುರುವಾದ ಮಾತು ಎಲ್ಲಿಗೆ ಹೋಯಿತೆಂದು ನನಗೇ ತಿಳಿಯಲಿಲ್ಲ. ಮಾತು ಮುಗಿಯುವಷ್ಟರಲ್ಲಿ ಬಿಕ್ಕುತ್ತಿದ್ದೆ. ಬಿಕ್ಕಿದಾಗಲೆಲ್ಲ ಮುಚ್ಚಳದ ಬಿಸಿಲು ಮಧುಗಿರಿಯ ಮೇಲೆಲ್ಲ ಕುಣಿಯುತ್ತಿತ್ತು. ಮಾವ ಎಂಜಿನ್ನು ನೋಡಲಿಲ್ಲ. ನನ್ನನ್ನು ನೋಡುತ್ತ ನಿಂತ. ಅವನ ಕೈಯಿಂದ ಕಡಲೆಕಾಯಿ ಕೆಳಗೆ ಬಿದ್ದದ್ದು ಅವನಿಗೆ ಗೊತ್ತಾಗಲಿಲ್ಲ. ವ್ಯಾನಿನೊಳಗಿಂದ ಅಜ್ಜಿ "ಏನ್ಲಾ ಹನುಮಂತ, ಮಗು ಅಳ್ತಾ ಐತೆ, ಏನಂದೆ ಅದ್ಕೆ?" ಎಂದು ಕೂಗಿದರು.

"ಏನೂ ಇಲ್ಲಮ್ಮ" ಎಂದು ಮಾವ ನನ್ನ ಪಕ್ಕಕ್ಕೆ ಬಂದು, ನಾನು ನಿಂತಿದ್ದಲ್ಲೇ ನಿಂತ. ಬಗ್ಗಿ ನೋಡಿದ. "ಹಂಗಾದ್ರೆ ಶಿರಾ ಎಡಕ್ಕೆ" ಎಂದ ಮೆಲ್ಲಗೆ.

"ಎಡಕ್ಕೆ."

"ಬಿಸ್ಲು ಬುಡು ಅಲ್ಲಿಗೆ."

ಬಿಟ್ಟೆ. ಕಾಯಿಲ್ಲಿನ ತಲೆಯಿಂದ ಹೊರಡಬೇಕಾದ ಸಣ್ಣ ವೈರು ಕುತ್ತಿಗೆಯ ಹತ್ತಿರ ಮುರಿದು ನೇತಾಡುತ್ತಿತ್ತು. ಮಾವ ವೈರಿನ ತುದಿಯನ್ನು ಹಲ್ಲಿನಿಂದ ಸುಲಿದ, ಕಡಲೆಕಾಯಿ ಸುಲಿದಷ್ಟೇ ಸಲೀಸಾಗಿ. ತಿರುಪಿಗೆ ಸುತ್ತಿ ಬಿಗಿದ. ಹ್ಯಾಂಡಲು ಹಾಕಿದ. ವ್ಯಾನು ಮೈಕೊಡವಿ ಎದ್ದಿತು. ಅಜ್ಜಿ ಹರಕೆಯನ್ನು ಅರ್ಧಕ್ಕೇ ನಿಲ್ಲಿಸಿದರು.

ಉಳಿದ ದಾರಿ ಮಾವ ಓಡಿಸಿದ ರೀತಿಗೆ ಅಜ್ಜಿಗೆ ಅವನನ್ನು ಬೈಯಲೂ ಬಾಯಿ ಬಿಡಲಾಗಲಿಲ್ಲ. ಎಮ್ಮೆ ಬಂದರೆ ಹಾರನ್ನು, ಗಾಡಿ ಬಂದರೆ ಹಾರನ್ನು, ಏನೂ ಬರದಿದ್ದರೂ ಹಾರನ್ನು. ನಾನು ಶಾಲೆಯ ಗೇಟಿಗೆ ಓಡುವಾಗ ಜವಾನ ಬಾಗಿಲು ಹಾಕಲು ಕೈಯಿಟ್ಟಿದ್ದ. ಮಾವ ಹಿಂದಿನಿಂದ "ಅಯ್ಯಾ, ನಿಲ್ಸು ಸಾಮೀ, ನಮ್ಮ ಹುಡುಗಿ ಬತ್ತಾ ಅವ್ಳೆ!" ಎಂದು ಕೂಗಿದ ಕೂಗಿಗೆ ಒಳಗೆ ಬರೆಯುತ್ತಿದ್ದವರೂ ತಲೆಯೆತ್ತಿದರಂತೆ. ಮಸಿ ಮೆತ್ತಿದ ಕೈಯಲ್ಲೇ ಉತ್ತರ ಬರೆದೆ. ಗಣಿತದಲ್ಲಿ ಹೇಗೆ ಪಾಸಾದೆ ಎಂದು ಮಾತ್ರ ಕೇಳಬೇಡಿ. ಅಂಚಿನ ಮೇಲೆ ಕಾಲಿಟ್ಟು ದಾಟಿದೆ, ಅಷ್ಟೇ.

ಪಾಸಾದರೂ ಅಮ್ಮ ಬಿಡಲಿಲ್ಲ. "ಪಾಸಾದ್ಳಲ್ಲ, ಸಂತೋಷ. ಮದುವೆ ಮಾಡ್ಕೊಂಡು ಟ್ರೈನಿಂಗಿಗೆ ಹೋಗ್ಲಿ" ಎಂದು ಹೊಸ ರಾಗ ಎಳೆದರು. ಅಪ್ಪ ಕಂಬಳಿ ಮಡಿಸುತ್ತಲೇ ಇದ್ದರು. ಆ ವಾರ ಮಾವ ಹೊಸಕೋಟೆಯಿಂದ ಬಂದ. ಕಡಲೆಕಾಯಿ ಚೀಲವನ್ನು ನಡುಮನೆಯಲ್ಲಿ ಇಳಿಸಿ, ಅಡುಗೆಮನೆಯ ಹೊಸ್ತಿಲ ಮೇಲೆ ಕೂತ. ನಾನು ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದೆ. ಕೇಳಿಸುತ್ತಿತ್ತು.

"ಅಕ್ಕಾ, ಜಯಮ್ಮನ್ನ ನಂಗೆ ಕೊಡೋ ಮಾತು ಬುಟ್ಟಾಕು."

"ಯಾಕೋ? ಏನಾಯ್ತೋ?"

"ಏನೂ ಆಗ್ಲಿಲ್ಲ. ಅವತ್ತು ಒಂದ್ಸಲ ಕೊರಟಗೆರೆಯಿಂದ ನೋಡ್ದೆ. ಅಲ್ಲಿಂದ ಬ್ಯಾರೆ ತರ ಕಾಣ್ತದೆ ಅಕ್ಕಾ."

ಅಮ್ಮನಿಗೆ ಅದು ಅರ್ಥವಾಗಲಿಲ್ಲ. ತಮ್ಮನ ಜೊತೆ ಬಹಳ ದಿನ ಮಾತು ಬಿಟ್ಟರು. ನಾನು ತೊಳೆದ ಚೊಂಬನ್ನೇ ಮತ್ತೆ ತೊಳೆಯುತ್ತ ಕೂತಿದ್ದೆ. ಅಷ್ಟು ಸಂತೋಷ ಆಗಬೇಕಾದಲ್ಲಿ ಅಷ್ಟೊಂದು ಅಳು ಯಾಕೆ ಬಂತೋ. ಅವನ ದನಿಯಲ್ಲಿ ಒಂದು ನೋವಿತ್ತು, ಅದು ನನಗೆ ಕೇಳಿಸಿತ್ತು. ಹೊರಡುವಾಗ ಮಾತ್ರ ಎಂದಿನಂತೆ ಜಡೆ ಎಳೆದು ಓಡಿದ.

ಕಣ್ಣು ವಾಸಿಯಾದ ಬಷೀರ್ ಸಾಹೇಬರಿಗೆ ವೈರಿನ ಕತೆ ಹೇಳಿದೆ, ಉಳಿದದ್ದನ್ನು ಹೇಳಲಿಲ್ಲ. "ಅರೆ! ಎಲ್ರೂ ಬಂದು ಕೊರಟಗೆರೆನಾಗೇ ನಿಂತ್ಕೋತಾರೆ ಅಂದ್ಕೊಂಡ್‌ಬುಟ್ಟಿದ್ದೆ" ಎಂದು ಹಣೆ ಚಚ್ಚಿಕೊಂಡರು. ಆ ಸಂಜೆಯೇ ಬಾನೆಟ್ಟಿನ ತುಟಿಯ ಮೇಲೆ ಬಿಳಿ ಬಣ್ಣದಲ್ಲಿ "ಇಲ್ಲಿ ನಿಂತು ನೋಡಿ" ಎಂದು ನನ್ನಿಂದಲೇ ಬರೆಸಿದರು. ನಾನು ಟೀಚರಾಗಿ ಬರೆದ ಮೊದಲ ಬೋರ್ಡು ಅದೇ ಎಂದು ಈಗಲೂ ಹೇಳಿಕೊಳ್ಳುತ್ತೇನೆ.

ಅಷ್ಟರಲ್ಲಿ ಇತ್ತ ನಮ್ಮ ಕಿರಣ ಬೆವರಿ ಒದ್ದೆಯಾಗಿದ್ದ. "ಎಡಕ್ಕೆ ಅಂತಾನೇ ಇದೆ ಅಜ್ಜೀ, ಎಡಗಡೆ ಪೂರ್ತಿ ನೋಡ್ಬಿಟ್ಟೆ, ಇಲ್ಲವೇ ಇಲ್ಲ" ಎಂದ.

"ಯಾರ ಎಡಕ್ಕಪ್ಪಾ? ನಿಂತು ನೋಡೋ ನಿನ್ನ ಎಡಕ್ಕೋ, ಸೀಟಲ್ಲಿ ಕೂತೋರ ಎಡಕ್ಕೋ?"

ಅವನು ಫೋನನ್ನು ಜೇಬಿಗಿಟ್ಟ. ಬಾನೆಟ್ಟಿಗೆ ಬೆನ್ನು ತಿರುಗಿಸಿ, ಸೀಟಿನಲ್ಲಿ ಕೂತವನಂತೆ ರಸ್ತೆಗೆ ಮುಖ ಮಾಡಿ, ಎಡಗೈ ಚಾಚಿದ. ಆಮೇಲೆ ಆ ಬದಿಗೆ ಹೋಗಿ ಕೈ ತೂರಿಸಿದ. ಸಡಿಲವಾಗಿದ್ದ ಪ್ಲಗ್ಗೊಂದು ಟಕ್ ಎಂದು ಕೂತಿತು. ವ್ಯಾನು ಎದ್ದಿತು. ಹಿಂದಿನ ಸೀಟಿನ ಹೆಂಗಸರು ಈ ಸಲ ನನಗೆ ನೀರು ಕೊಡಲಿಲ್ಲ.

"ನಿಮಗೆ ಹೇಗೆ ಗೊತ್ತಾಯ್ತು ಅಜ್ಜೀ?" ಎಂದ ಕಿರಣ.

ಹಣೆಯ ಮೇಲೆ ಮಸಿ ಮೆತ್ತಿಕೊಂಡು ನಿಂತಿದ್ದ. ಥೇಟ್ ಹನುಮಂತರಾಯ ಮಾವನ ಹಣೆ. ಆಗುವುದೇ, ಮೊಮ್ಮಗ ತಾನೆ.

"ನಿಮ್ಮ ತಾತನೂ ಮೊದಲು ತಪ್ಪು ಕಡೆಯೇ ಹುಡುಕಿದ ಕಣೋ" ಎಂದೆ. "ಆಮೇಲೆ ನಾನು ನಿಂತಿದ್ದ ಕಡೆ ಬಂದು ನಿಂತು ನೋಡಿದ. ಹಂಗೆ ನೋಡದೇ ಹೋಗಿದ್ದಿದ್ರೆ ನಾನು ಟೀಚರಮ್ಮ ಆಗ್ತಿರಲಿಲ್ಲ. ನಿಮ್ಮಜ್ಜಿ ಆ ಮನೆಗೆ ಬರ್ತಿರಲಿಲ್ಲ. ನೀನೂ ಇರ್ತಿರಲಿಲ್ಲ. ಬಾ, ಕೈ ಒರೆಸ್ಕೋ, ಮಂಗಳಾರತಿ ಹೊತ್ತಾಯ್ತು."